ಪೊಟ್ಟಣದ ಮೇಲಿನ ಗಂಡ

ಆರೋಗ್ಯ ಇಲಾಖೆಯ ವ್ಯಾನು ಆ ಶನಿವಾರದ ಸಂತೆಯಲ್ಲಿ ಬೇರೆ ಯಾವ ಮೂಲೆಗೆ ಹೋಗಿ ನಿಂತಿದ್ದರೂ ಎಲ್ವಿನ್ ಗೋಡೆಟ್‌ನ ಮಾನ ಉಳಿಯುತ್ತಿತ್ತು. ಈಸ್ಟ್ ಬಾರ್ಲೋದ ಸಂತೆ ಮೈದಾನವೇನು ಅಂಗೈಯಗಲದ್ದಲ್ಲ. ಸೇಬಿನ ರಸದ ಗಾಡಿಯ ಪಕ್ಕ ಜಾಗವಿತ್ತು. ಚರ್ಚಿನ ಹೆಂಗಸರ ಹಳೇ ಸ್ವೆಟರ್ ಅಂಗಡಿಯ ಪಕ್ಕವೂ ಇತ್ತು. ಅದೆಲ್ಲ ಬಿಟ್ಟು ಅದು ಬಂದು ನಿಂತದ್ದು ಅವನ ಹೆಂಡತಿ ಡೋರೀನಳ ಗ್ರನೋಲಾ ಮೇಜಿನ ಮಗ್ಗುಲಿಗೇ. ಮೇಲೆ ಬೋರ್ಡು ಬೇರೆ: 'ಸಕ್ಕರೆ ಪರೀಕ್ಷೆ. ಪುಕ್ಕಟೆ. ಎರಡೇ ನಿಮಿಷ.'

ಎಲ್ವಿನ್ ಆಗತಾನೇ ಸಂತೆಗೆ ಬರುತ್ತಿದ್ದ. ಬರ್ಟ್ ಕಿನ್ನಿಯ ಬೇಕರಿಯಿಂದ ಮೈದಾನಕ್ಕೆ ರಸ್ತೆ ದಾಟುವಷ್ಟರಲ್ಲಿ ಎರಡು ಡೋನಟ್ ಮುಗಿಸಿ, ಮೀಸೆಗೆ ಅಂಟಿದ ಸಕ್ಕರೆ ಪುಡಿಯನ್ನು ತೋಳಿನಿಂದ ಒರೆಸಿ, ಮುಖದ ಮೇಲೆ ಆರೋಗ್ಯವಂತನ ಕಳೆಯೊಂದನ್ನು ತಂದುಕೊಂಡಿದ್ದ. ಆ ಕಳೆ ಅವನಿಗೆ ಬೇಕಾಗಿತ್ತು. ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದ ಅಷ್ಟೂ ಪೊಟ್ಟಣಗಳ ಮೇಲೆ ಅವನ ಮುಖ ನಗುತ್ತಿತ್ತು. ಅದರ ಕೆಳಗೆ ಡೋರೀನಳ ದುಂಡನೆಯ ಅಕ್ಷರದಲ್ಲಿ, 'ನನ್ನ ಗಂಡ ದಿನಾ ತಿನ್ನುವುದು ಇದನ್ನೇ!'

ಎರಡು ವರ್ಷದ ಹಿಂದೆ ಡಾಕ್ಟರು, "ಸಕ್ಕರೆ ಗಡಿಗೆ ಬಂದು ನಿಂತಿದೆ ಎಲ್ವಿನ್. ಇನ್ನೊಂದು ಹೆಜ್ಜೆ ಇಟ್ರೆ ಆ ಕಡೆ ಬೀಳ್ತೀರಿ," ಎಂದಿದ್ದರು. ಡೋರೀನ್ ಅವತ್ತೇ ಹಂದಿಮಾಂಸದ ಬೇಕನ್, ಪ್ಯಾನ್‌ಕೇಕು ಎಲ್ಲವನ್ನೂ ಮನೆಯಿಂದ ಗಡೀಪಾರು ಮಾಡಿ, ಓಟ್ಸ್, ಬಾದಾಮಿ, ಕುಂಬಳ ಬೀಜ, ಒಣ ಹಣ್ಣುಗಳನ್ನು ಮೇಪಲ್ ಪಾಕದಲ್ಲಿ ಕಲಸಿ, ಒಲೆಯಲ್ಲಿ ಕೆಂಪಗೆ ಹುರಿದು ಗ್ರನೋಲಾ ಮಾಡಿದಳು. ಅದರ ಘಮ ಬೀದಿಗೆ ಹೋಯಿತು. ನೆರೆಯವರು ಕೇಳಿದರು, ನೆರೆಯವರ ನೆಂಟರು ಕೇಳಿದರು, ಕೊನೆಗೆ ಚಳಿಗೆ ಮುಂಚೆ ಕೆಂಪಾಗುವ ಎಲೆಗಳ ಬಣ್ಣ ನೋಡಲು ಕಾರು ಹತ್ತಿ ಬರುವ ಬಾಸ್ಟನ್ನಿನವರೂ ಕೇಳಿದರು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೆಂದು, ಒಂದು ದಿನವೂ ಒಂದು ಮಗುವಿನ ಬಾಯಿಂದ 'ಚೆನ್ನಾಗಿದೆ' ಅನ್ನಿಸಿಕೊಳ್ಳದ ಹೆಂಗಸು ಅವಳು. ಈಗ ಗುರುತಿಲ್ಲದವರು ಬಂದು, "ಇದನ್ನ ಮಾಡಿದೋರು ನೀವೇನಾ?" ಎಂದು ಕೈ ಕುಲುಕುತ್ತಿದ್ದರು. ಅವಳ ನಡಿಗೆಯೇ ಬದಲಾಗಿತ್ತು.

ತೊಡಕು ಒಂದೇ. ಪೊಟ್ಟಣದ ಮೇಲಿನ ಗಂಡ ಪೊಟ್ಟಣದ ಒಳಗಿನದ್ದನ್ನು ತಿನ್ನುತ್ತಿರಲಿಲ್ಲ. ಮೊದಲ ದಿನ ಒಂದು ಬಾಯಿ ಹಾಕಿಕೊಂಡಿದ್ದ. ಮರ ಕೊಯ್ಯುವ ಗಿರಣಿಯ ಹೊಟ್ಟನ್ನು ಅಗಿದಂತಾಗಿತ್ತು. ಅಂದಿನಿಂದ ಡೋರೀನ್ ಬೆಳಿಗ್ಗೆ ತುಂಬಿ ಕೊಟ್ಟ ಡಬ್ಬಿಯನ್ನು, ರಸ್ತೆ ಇಲಾಖೆಯ ಶೆಡ್ಡಿಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೆರೆದಂಡೆಯ ಬಾತುಕೋಳಿಗಳಿಗೆ ಸುರಿಯುವುದು, ಅಲ್ಲಿಂದ ಬರ್ಟನ ಬೇಕರಿಗೆ ಹೋಗಿ ಬಿಸಿ ಡೋನಟ್ ತಿನ್ನುವುದು ಅವನ ನಿತ್ಯವ್ರತ. ಅವನ ಲೆಕ್ಕದಲ್ಲಿ ಇದು ಯಾರಿಗೂ ನಷ್ಟವಿಲ್ಲದ ಏರ್ಪಾಡು. ಡೋರೀನಳಿಗೆ ಸಮಾಧಾನ, ಬರ್ಟನಿಗೆ ವ್ಯಾಪಾರ, ಬಾತುಕೋಳಿಗಳಿಗೆ ಬಾದಾಮಿ.

ವ್ಯಾನಿನ ಬಾಗಿಲಲ್ಲಿ ಕೂತಿದ್ದ ನರ್ಸ್ ಪಾಲೆಟ್ ಅವನನ್ನು ನೋಡಿ, ಪೊಟ್ಟಣವನ್ನು ನೋಡಿ, ಮತ್ತೆ ಅವನನ್ನು ನೋಡಿದಳು.

"ಓಹೋ, ಫೋಟೋದಲ್ಲಿರೋರು ನೀವೇ! ಬನ್ನಿ, ನಿಮ್ಮಿಂದಲೇ ಬೋಣಿ ಮಾಡೋಣ."

"ಈಗ ಬೇಡ, ತುಂಬಾ ಕೆಲಸ ಇದೆ," ಎಂದ ಎಲ್ವಿನ್, ನೆಟ್ಟಗೇ ಇದ್ದ ಪೊಟ್ಟಣಗಳನ್ನು ನೆಟ್ಟಗೆ ನಿಲ್ಲಿಸತೊಡಗಿದ.

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಮೆರೆಡಿತ್ ಬಂದಳು.

ಮೆರೆಡಿತ್ ಬಾಸ್ಟನ್ನಿನಲ್ಲಿ ಆಹಾರಶಾಸ್ತ್ರ ಓದಿ, ಈ ಬೇಸಿಗೆಯಲ್ಲಷ್ಟೇ ಊರಿಗೆ ಬಂದು ನೆಲೆಸಿದ ಹುಡುಗಿ. ಕೆಟ್ಟವಳಲ್ಲ. ಆದರೆ ಇನ್ನೊಬ್ಬರ ತಟ್ಟೆ ಕಂಡರೆ ಸುಮ್ಮನಿರುವುದು ಅವಳಿಗೆ ಆಗದು. ರುಚಿ ನೋಡಲು ಇಟ್ಟಿದ್ದ ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು.

"ರುಚಿ ಮಾತ್ರ ಬಹಳ ಚೆನ್ನಾಗಿದೆ."

ಡೋರೀನ್ ಅರಳಿದಳು.

"ಆದ್ರೆ ಇದನ್ನ ಆರೋಗ್ಯದ ತಿಂಡಿ ಅಂತ ಮಾರೋದು ತಪ್ಪು, ಡೋರೀನ್. ಇದು ಪುಡಿ ಮಾಡಿದ ಬಿಸ್ಕತ್ತು, ಅಷ್ಟೇ."

"ಏನಂದೆ?"

"ಓಟ್ಸ್ ಒಳ್ಳೇದು, ಬಾದಾಮಿ ಒಳ್ಳೇದು. ಅದರ ಮೇಲೆ ಪಾಕ ಸುರಿದು, ಎಣ್ಣೆ ಸುರಿದು ಹುರಿದ್ರೆ? ಒಳ್ಳೇ ಮನೆ ಮಕ್ಕಳನ್ನ ಪೋಲಿಗಳ ಜೊತೆ ಬಿಟ್ಟ ಹಾಗಾಗತ್ತೆ."

"ಪಾಕ ಏನು ಕಾರ್ಖಾನೆದಾ? ನಮ್ಮ ಗುಡ್ಡದ ಮೇಪಲ್ ಮರದ್ದು! ಮರದಿಂದ ಇಳಿದಿದ್ದು ಕೆಟ್ಟದ್ದು ಹೇಗಾಗತ್ತೆ?"

"ಹೊಟ್ಟೆಗೆ ಮರ ಗೊತ್ತಿಲ್ಲ, ಡೋರೀನ್. ಅದಕ್ಕೆ ಗೊತ್ತಿರೋದು ಸಕ್ಕರೆ ಒಂದೇ."

ಜಗಳದ ವಾಸನೆ ಡೋನಟ್ಟಿನ ವಾಸನೆಗಿಂತ ಬೇಗ ಹರಡುತ್ತದೆ. ಪಕ್ಕದಲ್ಲಿ ಕುಂಬಳಕಾಯಿ ಮಾರುತ್ತಿದ್ದ ಟ್ರೂಡಿ ಫಾರ್ನಮ್ ಗಿರಾಕಿಯನ್ನು ಅಲ್ಲೇ ಬಿಟ್ಟು ಬಂದಳು. ಅವಳು ಗೋಡೆಟ್ ದಂಪತಿಯ ನೆರೆಯವಳು. ಆ ಮನೆಯಲ್ಲಿ ಪೊರಕೆ ಯಾವ ಮೂಲೆಯಲ್ಲಿದೆ ಎಂದು ಎಲ್ವಿನ್‌ಗಿಂತ ಚೆನ್ನಾಗಿ ಬಲ್ಲವಳು. ಅವಳ ಹಿಂದೆ ಲೈಲ್ ಪರ್ಕಿನ್ಸ್. ಕೋರ್ಟಿನಲ್ಲಿ ತೀರ್ಪು ಹೇಳಲು ಕೂತ ಜೂರಿಗಳನ್ನು ಹೊರಗಿನವರು ಮಾತಾಡಿಸದಂತೆ ಕಾಯುವ ಕೆಲಸ ಮಾಡಿ ನಿವೃತ್ತನಾದ ಮೇಲೆ, ಕಾಯಲು ಏನಾದರೂ ಸಿಗುತ್ತದೆಯೇ ಎಂದು ಊರೆಲ್ಲ ಸುತ್ತುವುದು ಅವನ ದಿನಚರಿ.

"ನಾನೂ ವರ್ಷದಿಂದ ಇದನ್ನೇ ತಿಂತಿದ್ದೀನಲ್ಲ," ಎಂದಳು ಟ್ರೂಡಿ ಆತಂಕದಿಂದ. "ಅದಕ್ಕೇನಾ ನನ್ನ ಸ್ಕರ್ಟು ಬಿಗಿಯಾಗ್ತಿರೋದು?"

ಕೈಯಲ್ಲಿ ಪೊಟ್ಟಣ ಹಿಡಿದಿದ್ದ ಬಾಸ್ಟನ್ನಿನ ದಂಪತಿ ಅದನ್ನು ಮೆಲ್ಲನೆ ಕೆಳಗಿಟ್ಟರು. ಡೋರೀನ್ ಅದನ್ನು ನೋಡಿದಳು. ಅವಳ ಕಿವಿ ಕೆಂಪಾಯಿತು.

"ಸಾಕ್ಷಿ ಬೇಕಾ ನಿನಗೆ? ಎರಡು ವರ್ಷದಿಂದ ದಿನಾ ಇದನ್ನೇ ತಿಂದ ಸಾಕ್ಷಿ ಇಲ್ಲೇ ನಿಂತಿದೆ, ನೋಡು!"

ಸಾಕ್ಷಿ ಅಲ್ಲಿ ನಿಂತಿರಲಿಲ್ಲ. ಸಾಕ್ಷಿ ಅಷ್ಟರಲ್ಲಿ ಟ್ರೂಡಿಯ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕೊಳ್ಳುವ ಉದ್ದೇಶವೇ ಇಲ್ಲದ ಕುಂಬಳಕಾಯಿಯೊಂದನ್ನು ತಟ್ಟಿ ತಟ್ಟಿ ನೋಡುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಾದೆಯನ್ನು ಕಟ್ಟಿದವನು ಅಂದು ಅಲ್ಲಿದ್ದಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದ. ಲೈಲ್ ಹೋಗಿ ತೋಳು ಹಿಡಿದು ಎಬ್ಬಿಸಿದ.

"ಬಾರಯ್ಯ. ನಿನ್ನ ಹೆಂಡತಿ ಕರೀತಿದ್ದಾಳೆ."

"ನೋಡು ಲೈಲ್, ನನಗೆ ಸೂಜಿ ಕಂಡ್ರೆ ಆಗಲ್ಲ."

"ಟ್ರಕ್ಕಿನ ಸರಪಳಿಗೆ ಕೈ ಸಿಕ್ಕಿಹಾಕ್ಕೊಂಡಾಗ ಹತ್ತು ಹೊಲಿಗೆ ಹಾಕಿಸ್ಕೊಂಡು ಬೀರು ಕೇಳಿದೋನು ನೀನು. ನಡಿ, ನಡಿ."

"ಬೆಳಿಗ್ಗೆ ಬೆಳಿಗ್ಗೆ ರಕ್ತ ತೆಗೀಬಾರ್ದು ಅಂತ ನಮ್ಮಜ್ಜಿ ಹೇಳ್ತಿದ್ದಳು."

"ನಿಮ್ಮಜ್ಜಿ ತಲೆ ಮೇಲೆ ಬೆಕ್ಕು ಕೂರಿಸ್ಕೊಂಡು ಚರ್ಚಿಗೆ ಹೋಗ್ತಿದ್ದಳು. ನಡಿ."

"ನನ್ನ ಬೆರಳು, ನನ್ನ ರಕ್ತ! ನಿಮಗೆಲ್ಲ ಮನೇಲಿ ಬೇರೆ ಕೆಲಸ ಇಲ್ವಾ?" ಎಂದು ಎಲ್ವಿನ್ ಕೂಗಿದ. ಯಾರಿಗೂ ಇರಲಿಲ್ಲ. ಪಾಲೆಟ್ ಬೆರಳು ಒರೆಸಿದಳು, ಚುಚ್ಚಿದಳು, ತೊಟ್ಟು ರಕ್ತವನ್ನು ಪಟ್ಟಿಗೆ ತಾಗಿಸಿದಳು. ಸಂತೆಗೆ ಸಂತೆಯೇ ಉಸಿರು ಬಿಗಿಹಿಡಿಯಿತು. ಯಂತ್ರ ಕೀಕ್ ಎಂದಿತು.

"ಇನ್ನೂರ ಹದಿನೆಂಟು," ಎಂದಳು ಪಾಲೆಟ್. ದನಿಯಲ್ಲಿ ಬೋಣಿಯ ಉತ್ಸಾಹವಿರಲಿಲ್ಲ. "ಇದು ಒಳ್ಳೇದಲ್ಲ, ಎಲ್ವಿನ್."

"ನಾನು ಹೇಳಿದ್ನಲ್ಲ," ಎಂದಳು ಮೆರೆಡಿತ್. ಗೆದ್ದ ದನಿಯಲ್ಲಿ ಅಲ್ಲ, ಕನಿಕರದಿಂದಲೇ ಹೇಳಿದಳು. ಅದು ಇನ್ನೂ ಕೆಟ್ಟದ್ದಾಗಿ ಕೇಳಿಸಿತು. "ಪಾಪ, ಎರಡು ವರ್ಷ ದಿನಾ ಗ್ರನೋಲಾ ತಿಂದಿದ್ದಾರೆ."

ಗ್ರನೋಲಾ ಕೊಳ್ಳಲು ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಸರಿದರು. ಆಗಲೇ ಕೊಂಡಿದ್ದ ಒಬ್ಬ ಮುದುಕಿ ಪೊಟ್ಟಣ ವಾಪಸು ತಂದು ಮೇಜಿನ ಮೇಲಿಟ್ಟು, "ಬೇಜಾರು ಮಾಡ್ಕೋಬೇಡಮ್ಮ," ಎಂದಳು. ಡೋರೀನ್ ಪೊಟ್ಟಣದ ಮೇಲೆ ನಗುತ್ತಿದ್ದ ಗಂಡನ ಮುಖವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ತಾನು ಪ್ರೀತಿಯಿಂದ ಮಾಡಿ ಹಾಕಿದ್ದೇ ವಿಷವಾಯಿತಲ್ಲ ಎಂದು ಅವಳ ಮುಖ ಹೇಳುತ್ತಿತ್ತು. ಶಾಲೆಯ ಅಡುಗೆಮನೆಯಿಂದ ತಟ್ಟೆಗಳು ತುಂಬಿದಂತೆಯೇ ವಾಪಸು ಬರುತ್ತಿದ್ದ ದಿನಗಳ ಮುಖ ಅದು.

ಎಲ್ವಿನ್‌ನಿಂದ ತಡೆಯಲಾಗಲಿಲ್ಲ.

"ಅದು ಗ್ರನೋಲಾದ್ದಲ್ಲ!" ಎಂದ. ಅವನ ದನಿ ಅವನಿಗೇ ಅಪರಿಚಿತವೆನ್ನಿಸಿತು. "ನಾನು ಗ್ರನೋಲಾ ತಿಂದೇ ಇಲ್ಲ. ಡೋನಟ್ ತಿಂದಿದ್ದೀನಿ. ಇವತ್ತು ಎರಡು. ನಿನ್ನೆ ಎರಡು. ಎರಡು ವರ್ಷದಿಂದ ದಿನಾ."

"ಮತ್ತೆ ನಾನು ಕೊಡ್ತಿದ್ದ ಡಬ್ಬಿ?" ಎಂದಳು ಡೋರೀನ್ ನಿಧಾನವಾಗಿ.

"ಕೆರೆ ಬಾತುಕೋಳಿಗಳಿಗೆ."

ಲೈಲ್ ಹಣೆ ಚಚ್ಚಿಕೊಂಡ. "ಅದಕ್ಕೇ! ಚಳಿಗಾಲ ಬಂದ್ರೆ ದಕ್ಷಿಣಕ್ಕೆ ಹಾರಿ ಹೋಗ್ಬೇಕಾದ ಬಾತುಕೋಳಿಗಳು ಎರಡು ವರ್ಷದಿಂದ ಊರು ಬಿಟ್ಟೇ ಇಲ್ಲ. ಹವಾಮಾನ ಕೆಟ್ಟಿದೆ ಅಂತ ನಾನು ಪತ್ರಿಕೆಗೆ ಬರೆದಿದ್ದೆ, ಥೂ!"

ಸಂತೆ ಗೊಳ್ಳೆಂದು ನಕ್ಕಿತು. ಗ್ರನೋಲಾ ನಿರ್ದೋಷಿಯಾಯಿತು. ವಾಪಸು ಕೊಟ್ಟ ಮುದುಕಿ ಪೊಟ್ಟಣವನ್ನು ಮತ್ತೆ ಎತ್ತಿಕೊಂಡಳು. ಡೋರೀನಳ ಮುಖಕ್ಕೆ ಬಣ್ಣ ಮರಳಿತು. ಆದರೆ ಅದು ಗಂಡನ ಕಡೆ ತಿರುಗಿದಾಗ ಬೇರೆಯದೇ ಬಣ್ಣವಾಗಿತ್ತು.

"ಬಾತುಕೋಳಿಗಳ ವಿಷಯ ಮನೇಲಿ ಮಾತಾಡೋಣ," ಎಂದಳು.

ಇಲ್ಲಿಗಾದರೂ ಮುಗಿಯಬಾರದೇ? ಆದರೆ ರಸ್ತೆಯಾಚೆಯ ಬೇಕರಿಯಿಂದ ಬರ್ಟ್ ಕಿನ್ನಿ ಹಿಟ್ಟಿನ ಕೈಯಲ್ಲೇ ಓಡಿ ಬಂದ. ಅವನ ಅಜ್ಜ ಕಟ್ಟಿದ ಬೇಕರಿ ಅದು.

"ಯಾವನೋ ಅವನು ನನ್ನ ಡೋನಟ್ ವಿಷ ಅಂದೋನು? ಇವನ ರಕ್ತದಲ್ಲಿ ಸಕ್ಕರೆ ಇದ್ರೆ ನನ್ನ ತಲೆಗೆ ಕಟ್ತೀರಾ? ಅವಳ ಓಟ್ಸ್ ಪೂಜೆಗೆ, ನನ್ನ ಮೈದಾ ನೇಣಿಗಾ?"

"ಬರ್ಟ್ ಹೇಳೋದ್ರಲ್ಲೂ ನ್ಯಾಯ ಇದೆ," ಎಂದಳು ಮೆರೆಡಿತ್. ಅವಳ ಕಣ್ಣಲ್ಲಿ ಪ್ರಯೋಗಶಾಲೆಯ ಬೆಳಕು ಹತ್ತಿಕೊಂಡಿತ್ತು. "ಎಲ್ವಿನ್ ಗ್ರನೋಲಾ ತಿಂದೇ ಇಲ್ಲ ಅಂದ ಮೇಲೆ ಅದು ಒಳ್ಳೇದೋ ಕೆಟ್ಟದ್ದೋ ಇನ್ನೂ ಗೊತ್ತಾಗಿಲ್ಲ. ಪಾಲೆಟ್, ನೀವು ಎಷ್ಟು ಹೊತ್ತಿನವರೆಗೆ ಇರ್ತೀರಿ?"

"ಸಂತೆ ಮುಗಿಯೋವರೆಗೆ."

"ಹಾಗಾದ್ರೆ ಇವರು ಇಲ್ಲೇ ಕೂರಲಿ. ಏನೂ ತಿನ್ನಬಾರ್ದು. ಸಕ್ಕರೆ ಇಳೀಲಿ. ಆಮೇಲೆ ಗ್ರನೋಲಾ ತಿಂದು ಒಂದು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ಡೋನಟ್ ಎಷ್ಟು ಏರಿಸ್ತು, ಗ್ರನೋಲಾ ಎಷ್ಟು ಏರಿಸ್ತು, ಎಲ್ಲರ ಕಣ್ಣೆದುರಿಗೇ ಗೊತ್ತಾಗತ್ತೆ."

"ಆಗ್ಲಿ!" ಎಂದಳು ಡೋರೀನ್.

"ಆಗ್ಲಿ!" ಎಂದ ಬರ್ಟ್.

"ಆಗ್ಲಿ!" ಎಂದಿತು ಸಂತೆ.

"ನನ್ನನ್ನ ಯಾರಾದ್ರೂ ಕೇಳ್ತೀರಾ?" ಎಂದ ಎಲ್ವಿನ್. ಯಾರೂ ಕೇಳಲಿಲ್ಲ. ಲೈಲ್ ಆಗಲೇ ಎರಡು ಮಡಚು ಕುರ್ಚಿ ತಂದು ಮೇಪಲ್ ಮರದ ಕೆಳಗೆ ಹಾಕಿದ್ದ, ಒಂದು ಎಲ್ವಿನ್‌ಗೆ, ಇನ್ನೊಂದು ತನಗೆ.

ಆ ಬೆಳಗನ್ನು ಎಲ್ವಿನ್ ಜೀವಮಾನವಿಡೀ ಮರೆಯುವಂತಿರಲಿಲ್ಲ. ಮೃಗಾಲಯದ ಕರಡಿಯನ್ನು ನೋಡುವಂತೆ ಜನ ಬಂದು ನೋಡಿ ಹೋದರು. ಒಬ್ಬ ನಿಂಬೆರಸ ಕುಡಿಯಲು ಹೇಳಿದ, ಇನ್ನೊಬ್ಬ ಬೆಳ್ಳುಳ್ಳಿ ಎಂದ, ಮೂರನೆಯವನು ಜೇನು ಸಾಕು ಎಂದ. ಮೂಗಿಗೆ ಒಂದು ಕಡೆಯಿಂದ ಬರ್ಟನ ಬಾಣಲೆಯ ಘಮ, ಇನ್ನೊಂದು ಕಡೆಯಿಂದ ಸಾಸೇಜು ಸುಡುವ ಘಮ. ಹೊಟ್ಟೆಯೊಳಗೆ ಖಾಲಿ ಟ್ರಕ್ಕು ಗುಡ್ಡ ಹತ್ತುವ ಸದ್ದು. ಪಾಯಿಖಾನೆಗೆ ಹೊರಟರೆ ಲೈಲ್ ಹಿಂದೆಯೇ ಬಂದು, ಹೊರಗೆ ನಿಂತು, "ಒಳಗೆ ಏನೋ ಅಗಿಯೋ ಸದ್ದು ಬರ್ತಿದೆ?" ಎಂದು ಬಾಗಿಲು ಬಡಿದ.

"ಹಲ್ಲು ಕಡೀತಿದ್ದೀನಿ!" ಎಂದು ಎಲ್ವಿನ್ ಒಳಗಿನಿಂದ ಕಿರುಚಿದ.

ಮಧ್ಯಾಹ್ನದ ಹೊತ್ತಿಗೆ ಪಾಲೆಟ್ ಇನ್ನೊಂದು ಬೆರಳು ಚುಚ್ಚಿದಳು. ನೂರ ಇಪ್ಪತ್ತೆರಡಕ್ಕೆ ಇಳಿದಿತ್ತು. ಡೋರೀನ್ ಮನೆಯಿಂದ ದೊಡ್ಡ ಬೋಗುಣಿ ತರಿಸಿ, ತುಂಬ ಗ್ರನೋಲಾ ಸುರಿದು, ಮೇಲೆ ತಣ್ಣನೆಯ ಹಾಲು ಹೊಯ್ದು, ಚಮಚವನ್ನು ಅಂಗಿಯ ಅಂಚಿಗೆ ಒರೆಸಿ ಅವನ ಕೈಗಿಟ್ಟಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಹಾಲು ಹೊಯ್ಯುವಾಗ ಅವಳ ಕೈ ಎಂದಿನಂತೆಯೇ ಉದಾರವಾಗಿತ್ತು.

ಗಿರಣಿಯ ಹೊಟ್ಟು ನೆನೆಸಿಕೊಂಡು ಕಣ್ಣು ಮುಚ್ಚಿ ಎಲ್ವಿನ್ ಮೊದಲ ಚಮಚ ನುಂಗಿದ. ಕಣ್ಣು ತಾನಾಗಿ ತೆರೆಯಿತು. ಇನ್ನೊಂದು ಚಮಚ. ಮತ್ತೊಂದು. ಗರಿಗರಿ, ಘಮಘಮ, ನಾಲಿಗೆಯ ಮೇಲೆ ಹಬ್ಬ. ಬೋಗುಣಿ ಬರಿದಾದದ್ದೇ ತಿಳಿಯಲಿಲ್ಲ. ಎರಡು ವರ್ಷ ಇದನ್ನು ಬಾತುಕೋಳಿಗಳಿಗೆ ಹಾಕಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಡೋರೀನ್, ಇದು ಮೊದಲನೇ ಸಲದ ಹಾಗಿಲ್ಲ!"

ಡೋರೀನ್ ಸುತ್ತ ನೋಡಿ ಬಗ್ಗಿದಳು. "ಯಾರಿಗೂ ಹೇಳ್ಬೇಡ. ಮೊದಲು ಅರ್ಧ ಕಪ್ ಪಾಕ ಹಾಕ್ತಿದ್ದೆ. ಇನ್ನೂ ಸಿಹಿ ಇರಲಿ ಅಂದ್ರು ಜನ, ಒಂದು ಮಾಡಿದೆ. ಆಮೇಲೆ ಎರಡು. ಈಗ ಅಳತೆ ಬಿಟ್ಟಿದ್ದೀನಿ, ಕೈ ಹೇಳಿದಷ್ಟು. ಮರದ ಪಾಕ ತಾನೇ, ಏನೂ ಆಗಲ್ಲ. ಹಸಿದಿದ್ದೀಯ, ಇನ್ನೊಂದು ಬೋಗುಣಿ ಹಾಕ್ಲಾ?"

ಬೇಡ ಅನ್ನಬೇಕೆಂದು ಎಲ್ವಿನ್ ಬಾಯಿ ತೆರೆದ. ಹೆಂಡತಿ ಎರಡು ವರ್ಷದಲ್ಲಿ ಮೊದಲ ಸಲ ತಾನು ತಿನ್ನುವುದನ್ನು ನೋಡುತ್ತ ನಿಂತಿದ್ದಾಳೆ, ಕಣ್ಣಲ್ಲಿ ಎಂಥದೋ ಹೊಳಪು. "ಹಾಕು," ಎಂದ.

ಆಮೇಲೆ ಕಾಯುವ ಒಂದು ಗಂಟೆ. ಅಕ್ಟೋಬರಿನ ಬಿಸಿಲು ಬೆನ್ನಿಗೆ ಹಿತವಾಗಿ ಬೀಳುತ್ತಿತ್ತು. ಜನ ಊಟಕ್ಕೆ ಚದುರಿದರು. ಟ್ರೂಡಿಯ ಕುಂಬಳಕಾಯಿಗೆ ಗಿರಾಕಿ ಬಂದ. ಲೈಲ್ ಮೊದಲು ಎದೆ ಸೆಟೆಸಿ ಕೂತ, ಆಮೇಲೆ ಕೈಕಟ್ಟಿ ಕೂತ, ಆಮೇಲೆ ಟೋಪಿಯನ್ನು ಕಣ್ಣಿನ ಮೇಲೆಳೆದು ಗೊರಕೆ ಹೊಡೆಯತೊಡಗಿದ. ಮೂವತ್ತು ವರ್ಷ ಜೂರಿಗಳನ್ನು ಹೀಗೇ ಕಾಯುತ್ತಿದ್ದನೋ ಏನೋ.

ಮರದ ಹಿಂದಿನಿಂದ "ಶ್" ಎಂಬ ಸದ್ದಾಯಿತು. ಬರ್ಟ್ ಕಿನ್ನಿ. ಕೈಯಲ್ಲಿ ಕಾಗದದ ಮೇಲೆ ಬಾಣಲೆಯಿಂದ ಆಗಷ್ಟೇ ಎದ್ದ ಡೋನಟ್, ಮೇಲೆ ದಾಲ್ಚಿನ್ನಿ ಸಕ್ಕರೆ ಇನ್ನೂ ಕರಗುತ್ತಿತ್ತು.

"ಬೇಗ ತಿನ್ನೋ. ಯಾರೂ ನೋಡ್ತಿಲ್ಲ."

"ಯಾಕೆ?"

"ಸಕ್ಕರೆ ಇನ್ನೊಂದಿಷ್ಟು ಏರಿದ್ರೆ ಗ್ರನೋಲಾ ತಲೆಗೆ ಬರತ್ತೆ. ನಮ್ಮಜ್ಜನ ಅಂಗಡಿ ಮಾನ ಉಳಿಯತ್ತೆ. ಎರಡು ವರ್ಷದ ಗಿರಾಕಿ ಕಣೋ ನೀನು, ಇಷ್ಟೂ ಮಾಡಲ್ವಾ?"

ಎಲ್ವಿನ್ ಡೋನಟ್ಟನ್ನು ನೋಡಿದ. ಅದು ಅವನನ್ನು ನೋಡಿತು. ಅವನ ಕೈ ಅವನನ್ನು ಕೇಳದೆ ಅರ್ಧ ದಾರಿ ಹೋಗಿತ್ತು. ಆಚೆ ಮೇಜಿನ ಬಳಿ ಡೋರೀನ್ ಖಾಲಿ ಬೋಗುಣಿಯನ್ನು ಯಾರಿಗೋ ತೋರಿಸಿ, "ಎರಡು ಬೋಗುಣಿ! ನಾನು ಕೇಳೋಕೆ ಮುಂಚೆನೇ!" ಎಂದು ಸುಳ್ಳು ಸೇರಿಸಿ ಹೇಳುತ್ತಿದ್ದಳು. ಎಲ್ವಿನ್ ಕೈಯನ್ನು ಹಿಂದಕ್ಕೆಳೆದು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತ.

"ತಗೊಂಡು ಹೋಗು, ಬರ್ಟ್."

"ಏನು?"

"ಬೇಡ ಅಂದೆ. ಒಯ್ಯಿ ಅದನ್ನ, ನನ್ನ ಮನಸ್ಸು ಬದಲಾಗೋಕೆ ಮುಂಚೆ."

ಬರ್ಟ್ ದೆವ್ವ ಕಂಡವನಂತೆ ನೋಡಿದ. "ಹಾಳಾಗಿ ಹೋಗು," ಎಂದು ಡೋನಟ್ಟನ್ನು ತಾನೇ ಬಾಯಿಗೆ ತುರುಕಿಕೊಂಡು ಹೊರಟುಹೋದ. ಐವತ್ತೆಂಟು ವರ್ಷದಲ್ಲಿ ಎಲ್ವಿನ್ ಗೋಡೆಟ್ ಕಣ್ಣೆದುರಿನ ಡೋನಟ್ಟನ್ನು ಬೇಡವೆಂದದ್ದು ಅದೇ ಮೊದಲು. ಮೈಯೆಲ್ಲ ಹಗುರವಾದಂತಾಯಿತು. ಒಳ್ಳೆಯವರಿಗೆ ಹೀಗನ್ನಿಸುತ್ತದೆ ಹಾಗಾದರೆ, ಅಂದುಕೊಂಡ. ಇದನ್ನು ಸಂಜೆ ಡೋರೀನಳಿಗೆ ಹೇಳಬೇಕು. ಬಾತುಕೋಳಿಗಳ ಲೆಕ್ಕದಲ್ಲಿ ಸ್ವಲ್ಪವಾದರೂ ಕಳೆಯುತ್ತದೆ.

ಗಂಟೆ ತುಂಬಿತು. ಜನ ಮತ್ತೆ ನೆರೆದರು. ಲೈಲ್ ಎಚ್ಚೆತ್ತು, ಎಂದೂ ಮಲಗಿಲ್ಲವೆಂಬಂತೆ ಟೋಪಿ ಸರಿಮಾಡಿಕೊಂಡ. ಪಾಲೆಟ್ ಮೂರನೆಯ ಬೆರಳು ಚುಚ್ಚಿದಳು. ಯಂತ್ರ ಕೀಕ್ ಎಂದಿತು. ಅವಳು ನೋಡಿದಳು. ಯಂತ್ರವನ್ನು ಒಮ್ಮೆ ಕೊಡವಿ ಮತ್ತೆ ನೋಡಿದಳು.

"ಇನ್ನೂರ ನಲವತ್ತೊಂದು."

ಬರ್ಟನ ಮುಖ ಕಾದೆಣ್ಣೆಗೆ ಬಿಟ್ಟ ಹಿಟ್ಟಿನಂತೆ ಉಬ್ಬಿತು. "ಡೋನಟ್‌ಗಿಂತ ಜಾಸ್ತಿ! ಕೇಳಿಸ್ತಾ ಎಲ್ರಿಗೂ? ನನ್ನ ಡೋನಟ್‌ಗಿಂತ ಜಾಸ್ತಿ!"

ಮೆರೆಡಿತ್ ಮಾತಾಡಲು ಬಾಯಿ ತೆರೆದಳು. ಬಾಸ್ಟನ್ನಿನವರು ಕಾರಿನ ಕಡೆ ತಿರುಗಿದರು. ಡೋರೀನ್ ಯಾರನ್ನೂ ನೋಡಲಿಲ್ಲ. ಒಂದೊಂದೇ ಪೊಟ್ಟಣವನ್ನು ಎತ್ತಿ ರಟ್ಟಿನ ಪೆಟ್ಟಿಗೆಗೆ, ಗಂಡನ ಮುಖ ಕೆಳಗೆ ಬರುವಂತೆ, ಜೋಡಿಸತೊಡಗಿದಳು. "ಮರದ್ದು ತಾನೇ," ಎಂದು ತನ್ನಷ್ಟಕ್ಕೇ ಅಂದುಕೊಂಡದ್ದು ಎಲ್ವಿನ್‌ಗೆ ಮಾತ್ರ ಕೇಳಿಸಿತು.

ಬೆಳಿಗ್ಗೆ ನಿಜ ಹೇಳಿ ಅವಳನ್ನು ಉಳಿಸಿದ್ದ. ಈಗ ನಿಜವೇ ಅವಳ ಕತ್ತು ಹಿಸುಕುತ್ತಿತ್ತು. ಎಲ್ವಿನ್‌ಗೆ ಈ ಯಂತ್ರದ ಮೇಲೆ, ಮೆರೆಡಿತ್ ಮೇಲೆ, ಮೇಪಲ್ ಮರದ ಮೇಲೆ, ಕೊನೆಗೆ ತನ್ನ ರಕ್ತದ ಮೇಲೆಯೇ ರೋಷ ಉಕ್ಕಿತು.

"ನಿಲ್ಲಿ," ಎಂದ. "ಲೆಕ್ಕ ತಪ್ಪು. ಲೈಲ್ ನಿದ್ದೆ ಮಾಡ್ತಿದ್ದಾಗ ನಾನೊಂದು ಡೋನಟ್ ತಿಂದೆ."

ಜನರ ಕಣ್ಣು ಲೈಲ್‌ನ ಮೇಲೆ ಹೋಯಿತು.

"ನಾನೆಲ್ಲಿ ನಿದ್ದೆ ಮಾಡ್ದೆ?" ಎಂದ ಲೈಲ್.

"ಗೊರಕೆ ನನ್ನ ಅಂಗಡಿವರೆಗೂ ಕೇಳ್ತಿತ್ತು," ಎಂದಳು ಟ್ರೂಡಿ.

"ಸುಳ್ಳು!" ಬರ್ಟ್ ಎಗರಿದ. "ಅವನು ತಿಂದಿಲ್ಲ! ನಾನೇ ಬಿಸಿಬಿಸಿ ತಂದು ಮೂಗಿನ ಹತ್ತಿರ ಹಿಡಿದೆ, ಬೇಡ ಅಂದ! ದೇವರಾಣೆ ಬೇಡ ಅಂದ!"

ಎಲ್ಲರೂ ಬರ್ಟನ ಕಡೆ ತಿರುಗಿದರು.

"ನೀನು ಯಾಕೆ ಅವನ ಮೂಗಿನ ಹತ್ತಿರ ಡೋನಟ್ ಹಿಡಿಯೋಕೆ ಹೋಗಿದ್ದೆ?" ಎಂದಳು ಪಾಲೆಟ್.

ಬರ್ಟ್ ಹಿಟ್ಟಿನ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದ.

"ಎಲ್ವಿನ್ ಗೋಡೆಟ್ ಡೋನಟ್ ಬೇಡ ಅಂದನಂತೆ!" ಟ್ರೂಡಿ ಕುಂಬಳಕಾಯಿ ಒರೆಸುವ ಬಟ್ಟೆಯಿಂದ ಕಣ್ಣೊರೆಸಿಕೊಂಡು ನಕ್ಕಳು. "ಬರ್ಟ್, ಸುಳ್ಳು ಹೇಳೋದಾದ್ರೂ ನಂಬೋ ಹಾಗೆ ಹೇಳೋ!"

ಮೆರೆಡಿತ್ ನಿಟ್ಟುಸಿರು ಬಿಟ್ಟಳು. "ಹಾಗಾದ್ರೆ ಪರೀಕ್ಷೆನೇ ಹಾಳಾಯ್ತು. ಇದರಿಂದ ಏನೂ ಹೇಳೋ ಹಾಗಿಲ್ಲ. ನಿಮ್ಮ ಮೇಲೆ ನಿಮಗೆ ಒಂದು ಗಂಟೆಯ ಹಿಡಿತನೂ ಇಲ್ವಲ್ಲ, ಎಲ್ವಿನ್." ಅವಳ ದನಿಯಲ್ಲಿ ಈಗ ಕನಿಕರವೂ ಇರಲಿಲ್ಲ.

"ನಾಳೆಯಿಂದ ನನ್ನ ಅಂಗಡಿ ಮೆಟ್ಟಿಲು ಹತ್ತು, ಕಾಲು ಮುರೀತೀನಿ," ಎಂದ ಬರ್ಟ್. ಲೈಲ್ ಕುರ್ಚಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಹೆಂಗಸರು ಮಾತ್ರ ಡೋರೀನಳನ್ನು ಸುತ್ತುವರಿದರು. "ಇಂಥ ಗಂಡನ್ನ ಕಟ್ಕೊಂಡು ಹೇಗಮ್ಮ ಬಾಳ್ತೀಯ?" ಎಂದು ಒಬ್ಬಳು ಪೊಟ್ಟಣ ಕೊಂಡಳು. "ಪಾಪ, ಇಷ್ಟು ಒಳ್ಳೇದು ಮಾಡಿ ಹಾಕಿದ್ರೂ," ಎಂದು ಇನ್ನೊಬ್ಬಳು ಮೂರು ಕೊಂಡಳು. ಬಾಸ್ಟನ್ನಿನವರು ಕಾರಿನಿಂದ ಇಳಿದು ಬಂದರು. ಸಂತೆ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಒಂದೂ ಉಳಿದಿರಲಿಲ್ಲ. ಡೋರೀನಳ ಗ್ರನೋಲಾ ಇಷ್ಟು ಬೇಗ ಖರ್ಚಾದದ್ದು ಎಂದೂ ಇಲ್ಲ.

ಮನೆಗೆ ಬರುವಾಗ ಟ್ರಕ್ಕಿನಲ್ಲಿ ಡೋರೀನ್ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು. ಕೆರೆ ಬಂತು. ಸದ್ದು ಕೇಳಿ ಬಾತುಕೋಳಿಗಳು ದಂಡೆಗೆ ಓಡಿ ಬಂದವು. ಎಲ್ವಿನ್ ನಿಲ್ಲಿಸಲಿಲ್ಲ.

"ಎರಡು ವರ್ಷದ ಬಾತುಕೋಳಿಗಳನ್ನ ಬೇಕಾದ್ರೆ ಕ್ಷಮಿಸ್ತಿದ್ದೆ," ಎಂದಳು ಕೊನೆಗೆ, ದನಿ ಏರಿಸದೆ. "ಅದು ರುಚಿ ಗೊತ್ತಿಲ್ಲದಾಗ ಮಾಡಿದ್ದು. ಆದ್ರೆ ಇವತ್ತು, ಊರೆಲ್ಲ ನೋಡ್ತಿರೋವಾಗ, ನನಗೋಸ್ಕರ ಒಂದೇ ಒಂದು ಗಂಟೆ ತಡ್ಕೊಳ್ಳೋಕೆ ಆಗಲಿಲ್ವಾ ನಿನಗೆ?"

ಎಲ್ವಿನ್‌ನ ಗಂಟಲಿಗೆ ನಿಜ ಬಂದು ನಿಂತಿತು. ತಡೆದುಕೊಂಡೆ ಕಣೇ, ಐವತ್ತೆಂಟು ವರ್ಷದಲ್ಲಿ ಮೊದಲ ಸಲ ತಡೆದುಕೊಂಡೆ. ಅದನ್ನು ಹೇಳಿದರೆ ಇನ್ನೂರ ನಲವತ್ತೊಂದು ಎಲ್ಲಿಂದ ಬಂತೆಂದು ಅವಳು ಕೇಳುತ್ತಾಳೆ. ಗೇರು ಬದಲಾಯಿಸಿದ. "ಆಗಲಿಲ್ಲ," ಎಂದ.

ಸಂಜೆಯ ಬಿಸಿಲು ಅಡುಗೆಮನೆಯ ಕಿಟಕಿಯಲ್ಲಿ ಇಳಿಯುವ ಮೊದಲೇ ಡೋರೀನ್ ಮುಂದಿನ ವಾರಕ್ಕೆಂದು ಹೊಸ ಗ್ರನೋಲಾ ಕಲಸಿ ಒಲೆಗಿಟ್ಟಿದ್ದಳು. ಸಿಟ್ಟು ಬಂದರೆ ಅವಳು ಪಾತ್ರೆ ಎಸೆಯುವವಳಲ್ಲ, ಅಡುಗೆ ಮಾಡುವವಳು. ಬಿಸಿ ಆರುವ ಮೊದಲೇ ಒಂದು ಬೋಗುಣಿ ತುಂಬಿ ತಂದು ಅವನ ಮುಂದಿಟ್ಟಳು. ಕುರ್ಚಿ ಎಳೆದು ಎದುರಿಗೇ ಕೂತಳು. ಕೈ ಚಾಚಿ ಅವನ ಭುಜದ ಮೇಲಿನ ಎಲೆಯೊಂದನ್ನು ತೆಗೆದು ಹಾಕಿದಳು.

"ಯೋಚನೆ ಮಾಡಿದೆ. ತಪ್ಪು ನಂದೂ ಇದೆ. ಇದರ ರುಚಿ ಡೋನಟ್‌ನ ಮರೆಸೋ ಹಾಗಿರಲಿಲ್ಲ, ಅದಕ್ಕೇ ನಿನ್ನ ಮನಸ್ಸು ಆ ಕಡೆ ಓಡ್ತು. ಇನ್ಮೇಲೆ ಡಬ್ಬಿ ಕೊಡಲ್ಲ, ಬೆಳಿಗ್ಗೆ ಒಂದು ಬೋಗುಣಿ, ಸಂಜೆ ಒಂದು ಬೋಗುಣಿ, ನನ್ನ ಎದುರಿಗೇ ತಿನ್ನು. ಪಾಲೆಟ್ ಮುಂದಿನ ತಿಂಗಳು ಮತ್ತೆ ಬರ್ತಾಳೆ. ಸಂತೆ ಮಧ್ಯದಲ್ಲೇ ಪರೀಕ್ಷೆ ಮಾಡಿಸ್ತೀನಿ ಅಂತ ಎಲ್ರಿಗೂ ಹೇಳಿ ಬಂದಿದ್ದೀನಿ. ನಿನಗೆ ಇಷ್ಟ ಆಗ್ಲಿ ಅಂತ ಈ ಸಲ ಪಾಕ ಎರಡರಷ್ಟು ಹಾಕಿದ್ದೀನಿ. ತಿನ್ನು."

ಎಲ್ವಿನ್ ಚಮಚ ಎತ್ತಿಕೊಂಡ. ರುಚಿ ಅದ್ಭುತವಾಗಿತ್ತು. ಬರ್ಟನ ಬಾಗಿಲು ಮುಚ್ಚಿದೆ, ಬಾತುಕೋಳಿಗಳ ಗುಟ್ಟು ಬಯಲಾಗಿದೆ. ಮುಂದಿನ ತಿಂಗಳು ತಾನು ಮಾಡದ ಇನ್ಯಾವ ತಪ್ಪನ್ನು ಒಪ್ಪಿಕೊಳ್ಳುವುದೆಂದು ಅಗಿಯುತ್ತಲೇ ಯೋಚಿಸತೊಡಗಿದ.